ನಿಯಮ ಯಾವುದು, ರೂಢಿ ಯಾವುದು: ಒಂದು ಭಾಷೆಯ ಎರಡನೆಯ ಅನುಷ್ಠಾನವನ್ನು ನಿರ್ವಹಿಸುವ ಕೆಲಸ

(ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಅಧ್ಯಾಪಕರ ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸವನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದ ರೂಪ.)

ಹಿರಿಯರೆ, ಅಧ್ಯಾಪಕ ಮಿತ್ರರೆ, ವಿದ್ಯಾರ್ಥಿಗಳೆ,

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇಲ್ಲಿರುವ ಹೆಚ್ಚಿನವರಿಗೆ ಪರಿಚಿತ. ನಮ್ಮ ಹೈಸ್ಕೂಲು ಮಕ್ಕಳ ಐಸಿಟಿ ಪಾಠಗಳಲ್ಲಿಯೂ ಅದು ಬರುತ್ತದೆ. ಪೈಥಾನ್ ಎಂದಾಗ ನಾವು ಎರಡು ಸಂಗತಿಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿರುತ್ತೇವೆ. ಹೀಗೆ ಬರೆದರೆ ಹೀಗೆ ಅರ್ಥ ಎಂದು ಗೊತ್ತುಮಾಡುವ ಭಾಷೆ ಒಂದು. ಹಾಗೆ ಬರೆದದ್ದನ್ನು ಓದಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಸಾಫ್ಟ್‌ವೇರ್ ಇನ್ನೊಂದು. ಈ ಎರಡನೆಯದನ್ನು ನಮ್ಮ ಕ್ಷೇತ್ರದಲ್ಲಿ ಇಂಪ್ಲಿಮೆಂಟೇಶನ್ ಎನ್ನುತ್ತಾರೆ. ನಾನು ಅನುಷ್ಠಾನ ಎನ್ನುತ್ತೇನೆ. ಗಿಡೋ ವಾನ್ ರಾಸಮ್ ಅವರು 1991ರಲ್ಲಿ ಹೊರತಂದ, ಸಿ ಭಾಷೆಯಲ್ಲಿ ಬರೆದ ಅನುಷ್ಠಾನವೇ ಬೆಳೆದು ಇಂದು ಸಿಪೈಥಾನ್ ಎನಿಸಿಕೊಂಡಿದೆ. ನಿಮ್ಮ ಕಂಪ್ಯೂಟರಿನಲ್ಲಿರುವುದು ಬಹುಮಟ್ಟಿಗೆ ಅದೇ. ಆದರೆ ಅದೇ ಭಾಷೆಯನ್ನು ಬೇರೆ ಬುನಾದಿಯ ಮೇಲೆ ಕಟ್ಟಿದವರೂ ಇದ್ದಾರೆ. 1997ರಲ್ಲಿ ಜಿಮ್ ಹ್ಯೂಗುನಿನ್ ಅದನ್ನು ಜಾವಾ ಎಂಬ ಇನ್ನೊಂದು ಭಾಷೆಯ ವ್ಯವಸ್ಥೆಯ ಮೇಲೆ ಓಡಿಸಿದರು. ಮುಂದೆ ಅದಕ್ಕೆ ಜೈಥಾನ್ ಎಂಬ ಹೆಸರು ಬಂತು. 2003ರಲ್ಲಿ ಶುರುವಾದ ಪೈಪೈ ಎಂಬುದು ಪೈಥಾನಿನದೇ ಒಂದು ಕಟ್ಟುನಿಟ್ಟಾದ ಉಪಭಾಷೆಯಲ್ಲಿ ಬರೆದ ಅನುಷ್ಠಾನವಾಗಿದ್ದು, ಪ್ರೋಗ್ರಾಮು ಓಡುತ್ತಿರುವಾಗಲೇ ಅದರ ಮತ್ತೆ ಮತ್ತೆ ಬರುವ ಭಾಗಗಳನ್ನು ಯಂತ್ರಸಂಕೇತವಾಗಿ ಮಾರ್ಪಡಿಸಿ ವೇಗ ಹೆಚ್ಚಿಸುತ್ತದೆ. ಡೇಮಿಯನ್ ಜಾರ್ಜ್ 2013ರಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಿ, ಪುಟ್ಟ ಕಂಪ್ಯೂಟರ್ ಬೋರ್ಡುಗಳಿಗೆಂದು ಆರಂಭಿಸಿದ ಮೈಕ್ರೋಪೈಥಾನಿನ ಮೊದಲ ಬೋರ್ಡಿನಲ್ಲಿ ಇದ್ದದ್ದು 192 ಕಿಲೋಬೈಟ್ ರ‍್ಯಾಮ್ ಮಾತ್ರ.

ನಾನು ಇಬ್ಬರು ಗೆಳೆಯರೊಂದಿಗೆ ಏಳು ವರ್ಷಗಳಿಂದ ನಿರ್ವಹಿಸುತ್ತಿರುವುದು ಇವುಗಳಿಗಿಂತ ಎಷ್ಟೋ ಸಣ್ಣದಾದ ಒಂದು ಅನುಷ್ಠಾನವನ್ನು. ಎಂಸಿಎ ಓದುವಾಗ ಕಲಿಕೆಗೆಂದು ಬರೆಯತೊಡಗಿದ ಅದು ಇಂದು ನಮ್ಮ ಕಡೆಯ ಕೆಲವು ಶಾಲೆಗಳ ಪುಟ್ಟ ಬೋರ್ಡುಗಳಲ್ಲಿ ಓಡುತ್ತಿದೆ. ಮೈಕ್ರೋಪೈಥಾನ್ ಇರುವಾಗ ನಿಮ್ಮದು ಏಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಪ್ರೋಗ್ರಾಮು ತಪ್ಪಿದಾಗ ನಮ್ಮದು ಕನ್ನಡದಲ್ಲಿ ಮಾತನಾಡುತ್ತದೆ. ಇದು ಸಣ್ಣ ಸಂಗತಿಯಂತೆ ಕಾಣಬಹುದು. ಎಂಟನೆಯ ತರಗತಿಯ ಮಗುವೊಂದು ಪರದೆಯ ಮೇಲಿನ ಇಂಗ್ಲಿಷ್ ಸಾಲನ್ನು ಕಂಡೊಡನೆ ಕೈಬಿಟ್ಟು ಕೂರುವುದನ್ನು ನೋಡಿದವರಿಗೆ ಅದು ಸಣ್ಣದಲ್ಲ.

ಈ ಕೆಲಸ ಎಂಥದ್ದು ಎಂಬುದು ನನಗೆ ಅರ್ಥವಾದದ್ದು ಕಂಪ್ಯೂಟರಿನ ಮುಂದೆ ಕುಳಿತಾಗ ಅಲ್ಲ, ಚಿಕ್ಕಮ್ಮನ ಮನೆಯ ಜಗಲಿಯಲ್ಲಿ. ಅವರು ಕನ್ನಡ ಅಧ್ಯಾಪಕಿಯಾಗಿದ್ದವರು. ಮಲಯಾಳದಲ್ಲಿ ಸಿದ್ಧವಾದ ಪಠ್ಯಗಳನ್ನು ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಅನುವಾದಿಸುವ ಕಮ್ಮಟಗಳಿಗೆ ಹೋಗುತ್ತಿದ್ದರು. ಒಂದು ಸಂಜೆ ಕರಡು ಪ್ರತಿಯ ಮೇಲೆ ಕೆಂಪು ಪೆನ್ನನ್ನು ಹಿಡಿದು ಒಂದೇ ವಾಕ್ಯದ ಮುಂದೆ ಬಹಳ ಹೊತ್ತು ಕುಳಿತಿದ್ದರು. ಮಲಯಾಳದಲ್ಲಿ ಇದ್ದದ್ದು ಸರಳವಾದ ವಾಕ್ಯ: ‘ಕುಟ್ಟಿ ವನ್ನು’. ವಿದ್ಯಾರ್ಥಿ ಬಂದ, ಅಥವಾ ವಿದ್ಯಾರ್ಥಿನಿ ಬಂದಳು. ಮಲಯಾಳದ ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಗುರುತು ಇಲ್ಲ. ಯಾರು ಬಂದರೂ ‘ವನ್ನು’ ಎಂದೇ. ಕನ್ನಡದಲ್ಲಿ ಹಾಗಾಗುವುದಿಲ್ಲ. ಹತ್ತನೆಯ ತರಗತಿಯ ಪುಸ್ತಕದಲ್ಲಿ ‘ಮಗು ಬಂದಿತು’ ಎನ್ನುವಂತಿಲ್ಲ. ಬಂದನು ಎನ್ನಬೇಕು, ಇಲ್ಲವೇ ಬಂದಳು ಎನ್ನಬೇಕು. ‘ಇಲ್ಲಿ ಬಂದದ್ದು ಯಾರು ಮಾರಾಯ, ಹುಡುಗನಾ ಹುಡುಗಿಯಾ? ಬರೆದವರಿಗೆ ಈ ಪ್ರಶ್ನೆಯೇ ಬಂದಿರಲಿಕ್ಕಿಲ್ಲ’ ಎಂದರು. ಮೂರು ಪುಟಗಳ ಆಚೆ ಅದೇ ವಿದ್ಯಾರ್ಥಿಯ ಚಿತ್ರವಿತ್ತು, ಅದರಲ್ಲಿ ಎರಡು ಜಡೆಗಳಿದ್ದವು. ಆಮೇಲೆ ಅವರು ‘ಬಂದಳು’ ಎಂದು ಬರೆದರು.

ಮೂಲದಲ್ಲಿ ಹೇಳದೆ ಬಿಟ್ಟದ್ದು ಮೂಲವನ್ನು ಬರೆದವರ ಕಣ್ಣಿಗೆ ಬೀಳುವುದಿಲ್ಲ, ಮೂಲದ ಓದುಗರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಇನ್ನೊಂದು ಕಡೆಗೆ ದಾಟಿಸಬೇಕಾದವರ ಕೈ ಮಾತ್ರ ಅಲ್ಲಿ ತಡೆಯುತ್ತದೆ. ಎರಡನೆಯ ಅನುಷ್ಠಾನವನ್ನು ನಿರ್ವಹಿಸುವುದೆಂದರೆ ದಿನವೂ ಹೀಗೆ ತಡೆದು ನಿಲ್ಲುವುದು, ಮತ್ತು ನಿಂತಲ್ಲೆಲ್ಲ ಒಂದು ತೀರ್ಮಾನಕ್ಕೆ ಬರುವುದು. ಸಿಪೈಥಾನ್ ಹೀಗೆ ನಡೆದುಕೊಳ್ಳುತ್ತಿರುವುದು ಭಾಷೆಯ ನಿಯಮದಿಂದಲೋ ಅಥವಾ ಅದು ಆ ಒಂದು ಸಾಫ್ಟ್‌ವೇರಿನ ರೂಢಿ ಮಾತ್ರವೋ? ನಿಯಮವಾದರೆ ನಾವು ಪಾಲಿಸಲೇಬೇಕು. ರೂಢಿಯಾದರೆ ಪಾಲಿಸಬೇಕಾಗಿಲ್ಲ. ಆದರೆ ಆ ರೂಢಿಯನ್ನೇ ನಂಬಿಕೊಂಡು ಪ್ರೋಗ್ರಾಮು ಬರೆದವರು ಇದ್ದರೆ ಏನು ಮಾಡಬೇಕು? ಈ ಕೊನೆಯ ಪ್ರಶ್ನೆಗೇ ನಮ್ಮ ಹೆಚ್ಚಿನ ಸಮಯ ಹೋಗುತ್ತದೆ.

ಪೈಥಾನಿಗೆ ಲಿಖಿತ ನಿಯಮಾವಳಿ ಇಲ್ಲವೇ ಎಂದು ನೀವು ಕೇಳಬಹುದು. ಭಾಷಾ ಕೈಪಿಡಿಯೊಂದು ಇದೆ, ಮತ್ತು ಅದು ಬಹಳ ಪ್ರಾಮಾಣಿಕವಾದ ಕೈಪಿಡಿ. ಮಂಗಳ ಗ್ರಹದಿಂದ ಬಂದವರೊಬ್ಬರು ಈ ಒಂದೇ ದಾಖಲೆಯನ್ನು ನೆಚ್ಚಿ ಪೈಥಾನನ್ನು ಕಟ್ಟಹೊರಟರೆ ಹಲವು ಕಡೆ ಊಹಿಸಬೇಕಾಗುತ್ತದೆ, ಕೊನೆಗೆ ಸಾಕಷ್ಟು ಬೇರೆಯೇ ಆದ ಭಾಷೆಯೊಂದನ್ನು ಕಟ್ಟಿರುತ್ತಾರೆ ಎಂಬ ಅರ್ಥದ ಮಾತನ್ನು ಅದು ತನ್ನ ಪೀಠಿಕೆಯಲ್ಲಿಯೇ ಹೇಳಿಕೊಳ್ಳುತ್ತದೆ. ನಮ್ಮ ಯಕ್ಷಗಾನದ ಪ್ರಸಂಗ ಪುಸ್ತಕವೂ ಹಾಗೆಯೇ. ಅದರಲ್ಲಿ ಪದ್ಯಗಳು ಇರುತ್ತವೆ. ರಂಗದ ನಡೆ ಮೇಳದಲ್ಲಿ ತಿರುಗಿದವರಿಗೆ ಗೊತ್ತಿರುತ್ತದೆ.

ಒಂದು ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಕೆಲಸದ ಬಗ್ಗೆ ನನ್ನ ನಿಲುವು ಅದರಿಂದ ಬದಲಾಯಿತು. ನಮ್ಮ ಅನುಷ್ಠಾನವನ್ನು ಬಳಸುವ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು ಮಕ್ಕಳೊಂದಿಗೆ ಮಳೆಮಾಪಕ ಮಾಡಿದ್ದರು. ಒಂದು ಪುಟ್ಟ ಬಟ್ಟಲು ನೀರು ತುಂಬಿದೊಡನೆ ಮಗುಚುತ್ತದೆ. ಮಗುಚಿದಾಗಲೆಲ್ಲ ಬೋರ್ಡು ಒಂದು ಫೈಲಿಗೆ ಸಮಯವನ್ನು ಒಂದು ಸಾಲಾಗಿ ಬರೆಯುತ್ತದೆ. ಜೂನ್ ತಿಂಗಳ ಒಂದು ರಾತ್ರಿ ಜೋರು ಮಳೆ ಬಂತು, ನಡುವೆ ಕರೆಂಟು ಹೋಯಿತು. ಬೆಳಿಗ್ಗೆ ನೋಡಿದರೆ ಕರೆಂಟು ಹೋಗುವುದಕ್ಕೆ ಮುಂಚಿನ ಒಂದು ಗಂಟೆಗೂ ಮಿಕ್ಕಿದ ಮಳೆಯ ಲೆಕ್ಕವೇ ಇಲ್ಲ. ಅಷ್ಟೇ ಅಲ್ಲದೆ ಇದ್ದ ಸಾಲುಗಳು ಸಹ ಅಲ್ಲಲ್ಲಿ ಹಿಂದುಮುಂದಾಗಿದ್ದವು. ಮೇಷ್ಟ್ರು ಫೋನು ಮಾಡಿ ಹೇಳಿದ್ದು ಒಂದೇ ಮಾತು: ‘ಲ್ಯಾಬಿನ ಕಂಪ್ಯೂಟರಿನಲ್ಲಿ ಇದೇ ಪ್ರೋಗ್ರಾಮು ಸರಿಯಾಗಿ ಕೆಲಸ ಮಾಡಿದೆಯಲ್ಲ?’

ಮಾಡಿತ್ತು, ನಿಜ. ಅವರ ಪ್ರೋಗ್ರಾಮು ಫೈಲನ್ನು ತೆರೆದು, ಅದೇ ಸಾಲಿನಲ್ಲಿ ಬರೆದು, ಮುಚ್ಚದೆ ಬಿಟ್ಟುಬಿಡುತ್ತಿತ್ತು. ಸಿಪೈಥಾನಿನಲ್ಲಿ ಪ್ರತಿಯೊಂದು ವಸ್ತುವಿನ ಜೊತೆಗೂ ಅದನ್ನು ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಎಂಬ ಎಣಿಕೆ ಇರುತ್ತದೆ; ಆ ಎಣಿಕೆ ಸೊನ್ನೆಗೆ ಇಳಿದ ಕ್ಷಣವೇ ವಸ್ತು ಅಳಿಯುತ್ತದೆ, ವಸ್ತು ಫೈಲಾಗಿದ್ದರೆ ಅಳಿಯುವ ಮೊದಲು ಮುಚ್ಚಿಕೊಳ್ಳುತ್ತದೆ, ಮುಚ್ಚಿಕೊಳ್ಳುವಾಗ ಒಳಗೆ ಕೂಡಿಟ್ಟದ್ದನ್ನೆಲ್ಲ ಡಿಸ್ಕಿಗೋ ಮೆಮೊರಿ ಕಾರ್ಡಿಗೋ ಬರೆಯುತ್ತದೆ. ನಮ್ಮ ಅನುಷ್ಠಾನದಲ್ಲಿ ಹಾಗೆ ಎಣಿಕೆ ಇಡುವುದಿಲ್ಲ. ಮೆಮೊರಿ ತುಂಬುತ್ತ ಬಂದಾಗ ಒಮ್ಮೆ ಎಲ್ಲವನ್ನೂ ಸುತ್ತಿ ನೋಡಿ, ಯಾರೂ ಬಳಸದೆ ಬಿದ್ದಿರುವುದನ್ನು ಗುಡಿಸಿ ಹಾಕುತ್ತೇವೆ. ಪೈಪೈ, ಜೈಥಾನ್‌ಗಳಲ್ಲಿಯೂ ಎಣಿಕೆಯ ಬದಲು ಇಂಥ ಗುಡಿಸುವ ಕ್ರಮವೇ ಇದೆ. ಹೀಗಾಗಿ ಆ ರಾತ್ರಿ ಬಟ್ಟಲು ಮಗುಚಿದಾಗಲೆಲ್ಲ ಒಂದೊಂದು ಫೈಲು ತೆರೆದುಕೊಂಡು, ಒಂದೊಂದು ಸಾಲನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಗುಡಿಸುವ ಸರದಿಗಾಗಿ ಕಾಯುತ್ತಿತ್ತು. ಗುಡಿಸುವಾಗ ಬಂದ ಕ್ರಮದಲ್ಲೇ ಗುಡಿಸಬೇಕೆಂದಿಲ್ಲವಾದ್ದರಿಂದ ಸಾಲುಗಳು ಹಿಂದುಮುಂದಾದವು. ಕರೆಂಟು ಹೋದಾಗ ಕಾಯುತ್ತಿದ್ದವೆಲ್ಲ ಹೋದವು.

ಬಳಕೆ ಮುಗಿದ ವಸ್ತು ಯಾವಾಗ ಅಳಿಯಬೇಕು ಎಂಬುದನ್ನು ಅನುಷ್ಠಾನದ ಆಯ್ಕೆಗೆ ಬಿಟ್ಟಿದೆ ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿದೆ; ಫೈಲನ್ನು ಖಚಿತವಾಗಿ ಮುಚ್ಚುವುದಕ್ಕೆಂದೇ 2006ರ 2.5 ಆವೃತ್ತಿಯಿಂದ ‘ವಿತ್’ ಎಂಬ ರಚನೆಯೂ ಭಾಷೆಯಲ್ಲಿದೆ. ಹಾಗಾಗಿ ನಿಮ್ಮ ಪ್ರೋಗ್ರಾಮು ತಪ್ಪು, ನಮ್ಮ ಅನುಷ್ಠಾನ ಸರಿ ಎಂದು ನಾನು ಮೇಷ್ಟ್ರಿಗೆ ಉತ್ತರ ಕೊಟ್ಟೆ. ಆ ಉತ್ತರದಲ್ಲಿ ಸುಳ್ಳಿರಲಿಲ್ಲ. ಆದರೆ ಫೋನು ಇಟ್ಟ ಮೇಲೆ ಅದು ನನಗೆ ಸರಿ ಕಾಣಲಿಲ್ಲ. ಆ ಮೇಷ್ಟ್ರು ಭಾಷೆಯನ್ನು ಕಲಿತದ್ದು ಕೈಪಿಡಿಯಿಂದಲ್ಲ, ಸಿಪೈಥಾನಿನಿಂದ. ಎಲ್ಲರೂ ಭಾಷೆಯನ್ನು ಕಲಿಯುವುದು ಹಾಗೆಯೇ, ಆಡುವವರ ಬಾಯಿಂದ. ಅವರ ಪಾಲಿಗೆ ರೂಢಿಯೇ ಭಾಷೆ. ನಿಯಮ ನಮ್ಮ ಪರವಾಗಿದೆ ಎಂದಮಾತ್ರಕ್ಕೆ ಒಂದು ಶಾಲೆಯ ಮಕ್ಕಳು ಕಾದು ಕುಳಿತ ಮಳೆಯ ಲೆಕ್ಕ ಹೋದದ್ದು ನಮ್ಮ ಹೊಣೆಯಲ್ಲ ಎನ್ನುವುದು ನಿರ್ವಾಹಕನಿಗೆ ತಕ್ಕ ಮಾತಲ್ಲ.

ಹಾಗೆಂದು ಎಣಿಕೆಯ ಪದ್ಧತಿಗೆ ಹೋಗುವುದೂ ನಮಗೆ ಸಾಧ್ಯವಿರಲಿಲ್ಲ, ಏಕೆಂದರೆ ಪ್ರತಿ ವಸ್ತುವಿಗೂ ಎಣಿಕೆಗೆಂದು ಜಾಗ ಕೊಡುವಷ್ಟು ಮೆಮೊರಿ ನಮ್ಮ ಬೋರ್ಡಿನಲ್ಲಿಲ್ಲ. ಬರೆದ ಪ್ರತಿ ಅಕ್ಷರವನ್ನೂ ಕೂಡಲೇ ಕಾರ್ಡಿಗೆ ತಳ್ಳಿದರೆ ಕಾರ್ಡು ಬೇಗ ಸವೆಯುತ್ತದೆ. ಮೂವರೂ ಎರಡು ವಾರ ಚರ್ಚಿಸಿ ಕೊನೆಗೆ ನಡುದಾರಿ ಹಿಡಿದೆವು: ಇರುವ ಫೈಲಿಗೆ ಸೇರಿಸಿ ಬರೆಯಲೆಂದು ತೆರೆದಾಗ ಮಾತ್ರ ಸಾಲು ಮುಗಿದೊಡನೆ ಕಾರ್ಡಿಗೆ ಹೋಗುತ್ತದೆ, ಮುಚ್ಚದೆ ಬಿಟ್ಟ ಫೈಲನ್ನು ಗುಡಿಸುವಾಗ, ಇಂಥ ಸಾಲಿನಲ್ಲಿ ತೆರೆದ ಫೈಲನ್ನು ನೀವು ಮುಚ್ಚಿಲ್ಲ ಎಂದು ಕನ್ನಡದಲ್ಲಿ ಎಚ್ಚರಿಕೆ ಬರುತ್ತದೆ. ಪೈಪೈಯಲ್ಲಿ ಇಂಥದೇ ಎಚ್ಚರಿಕೆಯನ್ನು ಕೇಳಿ ಪಡೆಯುವ ಸೌಲಭ್ಯವಿದೆ; ಆ ಯೋಚನೆ ನಮಗೆ ಬಂದದ್ದು ಅಲ್ಲಿಂದಲೇ. ಮೇಷ್ಟ್ರೂ ಪ್ರೋಗ್ರಾಮನ್ನು ‘ವಿತ್’ ಬಳಸಿ ತಿದ್ದಿಕೊಂಡರು.

ರೂಢಿಯೊಂದು ನಿಯಮವಾಗಿ ಏರಿದ ಕಥೆಯೂ ಇದೆ, ಅದರಲ್ಲಿ ಎರಡನೆಯ ಅನುಷ್ಠಾನದ ಪಾತ್ರ ದೊಡ್ಡದು. ಪೈಥಾನಿನ ಡಿಕ್ಷನರಿಯನ್ನು ನೀವು ಬಲ್ಲಿರಿ: ಹೆಸರು ಕೊಟ್ಟರೆ ಅದಕ್ಕೆ ಜೋಡಿಸಿದ ಬೆಲೆಯನ್ನು ತಂದುಕೊಡುವ ಕೋಷ್ಟಕ. ಹಿಂದೆ ಅದರೊಳಗಿನ ಕ್ರಮಕ್ಕೆ ಅರ್ಥವಿರಲಿಲ್ಲ. ಹಾಕಿದ್ದು ಒಂದು ಕ್ರಮದಲ್ಲಿ, ಹೊರಬರುವುದು ಇನ್ನೊಂದು ಕ್ರಮದಲ್ಲಿ. 2012ರಲ್ಲಿ, ಪೈಥಾನನ್ನು ಕಟ್ಟುವವರಲ್ಲಿ ಒಬ್ಬರಾದ ರೇಮಂಡ್ ಹೆಟಿಂಜರ್ ಅವರು ಜಾಗ ಉಳಿಸುವ ಹೊಸ ರಚನೆಯೊಂದನ್ನು ಸೂಚಿಸಿದರು. ಅಂಗಡಿಯ ಲೆಕ್ಕದ ಪುಸ್ತಕವನ್ನು ನೆನೆಸಿಕೊಳ್ಳಿ: ಸಾಲುಗಳು ಬಂದ ಕ್ರಮದಲ್ಲೇ ಒಂದರ ಕೆಳಗೊಂದು ಒತ್ತಾಗಿ ಇರುತ್ತವೆ, ಹುಡುಕುವುದಕ್ಕೆ ಬೇರೆಯೇ ಒಂದು ಪುಟ್ಟ ಸೂಚಿ ಇರುತ್ತದೆ, ಆ ಸೂಚಿಯಲ್ಲಿ ಸಾಲಿನ ಸಂಖ್ಯೆ ಮಾತ್ರ ಇರುತ್ತದೆ. 64 ಬಿಟ್ ಯಂತ್ರದಲ್ಲಿ ಒಂದು ನಮೂದಿಗೆ 24 ಬೈಟ್ ಬೇಕು. ಎಂಟು ಮನೆಗಳ ಹಳೆಯ ಕೋಷ್ಟಕದಲ್ಲಿ ತುಂಬಬಹುದಾದದ್ದು ಐದೇ ಆದರೂ ಎಂಟಕ್ಕೂ ಜಾಗ ಕೊಡಬೇಕಾಗಿತ್ತು, ಅಂದರೆ 192 ಬೈಟ್. ಹೊಸ ರಚನೆಯಲ್ಲಿ ಐದು ನಮೂದುಗಳಿಗೆ 120, ಸೂಚಿಗೆ 8, ಒಟ್ಟು 128 ಬೈಟ್. ಕ್ರಮ ಉಳಿಯುವುದು ಈ ರಚನೆಯ ಗುರಿಯಾಗಿರಲಿಲ್ಲ, ಜೊತೆಯಲ್ಲಿ ಬಂದ ಲಾಭ.

ಇದನ್ನು ಮೊದಲು ಕಟ್ಟಿ ಬಳಕೆದಾರರ ಕೈಗೆ ಕೊಟ್ಟದ್ದು ಸಿಪೈಥಾನ್ ಅಲ್ಲ, ಪೈಪೈ, ಅದು 2015ರಲ್ಲಿ. ಸಿಪೈಥಾನಿನ 3.6 ಆವೃತ್ತಿಗೆ ಅದು ಬಂದದ್ದು 2016ರ ಡಿಸೆಂಬರಿನಲ್ಲಿ. ಆಗಲೂ ಇದು ಅನುಷ್ಠಾನದ ವಿವರ ಮಾತ್ರ, ನೆಚ್ಚಬೇಡಿ ಎಂಬ ಎಚ್ಚರಿಕೆ ಜೊತೆಗಿತ್ತು. ಜನ ನೆಚ್ಚಿದರು. 2018ರ 3.7 ಆವೃತ್ತಿಯಿಂದ, ಹಾಕಿದ ಕ್ರಮವನ್ನು ಉಳಿಸಿಕೊಳ್ಳುವುದು ಭಾಷೆಯ ನಿಯಮವೇ ಆಯಿತು. ಪೈಪೈಯವರಿಗೆ ಅದರಿಂದ ಹೊಸ ಕೆಲಸವೇನೂ ಬರಲಿಲ್ಲ. ನಮಗೆ ಬಂತು. ನಾನು ಅಕ್ಕರೆಯಿಂದ ಬರೆದಿದ್ದ ಹಳೆಯ ಕೋಷ್ಟಕವನ್ನು ಕಿತ್ತುಹಾಕಿ ಬೇರೆ ಬರೆಯಬೇಕಾಯಿತು, ಒಂದು ಮಳೆಗಾಲ ಪೂರ್ತಿ ಅದಕ್ಕೇ ಹೋಯಿತು. ಮೈಕ್ರೋಪೈಥಾನ್ ಮಾತ್ರ ತನ್ನ ಸಾಮಾನ್ಯ ಡಿಕ್ಷನರಿಯಲ್ಲಿ ಈ ನಿಯಮವನ್ನು ಪಾಲಿಸದೆ, ಹಾಗೆ ಪಾಲಿಸುವುದಿಲ್ಲ ಎಂದು ತನ್ನ ದಾಖಲೆಯಲ್ಲಿ ತಿಳಿಸಿದೆ. ಪಾಲಿಸದಿರುವುದನ್ನು ಬಹಿರಂಗವಾಗಿ ಬರೆದಿಡುವುದು ಸಹ ನಿರ್ವಹಣೆಯ ಒಂದು ಭಾಗ ಎಂದು ನಾನು ತಿಳಿಯುತ್ತೇನೆ. ವ್ಯತ್ಯಾಸಗಳ ಪಟ್ಟಿ ಇಲ್ಲದ ಅನುಷ್ಠಾನವನ್ನು ನಾನು ನಂಬುವುದಿಲ್ಲ.

ಕನ್ನಡದವರಾದ ನಮಗೆ ಹತ್ತಿರದ ಇನ್ನೊಂದು ಉದಾಹರಣೆ: ‘ಕಾಸರಗೋಡು’ ಎಂಬ ಪದದ ಉದ್ದ ಎಷ್ಟು? ನಮ್ಮ ಕಿವಿಗೆ ಐದು ಅಕ್ಷರ: ಕಾ, ಸ, ರ, ಗೋ, ಡು. ಪೈಥಾನಿನ ನಿಯಮದಂತೆ ಎಂಟು, ಏಕೆಂದರೆ ಯುನಿಕೋಡ್ ವ್ಯವಸ್ಥೆಯಲ್ಲಿ ವ್ಯಂಜನಕ್ಕೆ ಒಂದು ಸಂಕೇತ, ಅದಕ್ಕೆ ಹತ್ತಿದ ಸ್ವರಚಿಹ್ನೆಗೆ ಇನ್ನೊಂದು. ನಮ್ಮ ಅನುಷ್ಠಾನದ ಮೊದಲ ಆವೃತ್ತಿ ಹೇಳುತ್ತಿದ್ದದ್ದು ಇಪ್ಪತ್ತನಾಲ್ಕು! ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಹಿಡಿಯುತ್ತದೆ, ನಾವು ಬೈಟುಗಳನ್ನು ಎಣಿಸುತ್ತಿದ್ದೆವು. ಇಂಗ್ಲಿಷಿನಲ್ಲಿ ಪರೀಕ್ಷಿಸಿದಾಗ ಈ ದೋಷ ಕಾಣಿಸಿರಲಿಲ್ಲ, ಅಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್. ಇಲ್ಲಿ ನಿಯಮ ಸ್ಪಷ್ಟವಾಗಿತ್ತು, ತಿದ್ದಿದೆವು. ಆದರೆ ತಿದ್ದುವುದಕ್ಕೆ ಬೆಲೆ ಇದೆ. ಪ್ರತಿ ಸಂಕೇತಕ್ಕೂ ಸಮಾನ ಅಗಲ ಕೊಟ್ಟರೆ ಐದನೆಯದನ್ನು ಕೊಡು ಎಂದಾಗ ನೇರವಾಗಿ ಅಲ್ಲಿಗೆ ಕೈಹಾಕಬಹುದು, ಸಿಪೈಥಾನ್ 3.3ರಿಂದ ಹೀಗೆ ಮಾಡುತ್ತದೆ, ಕನ್ನಡದ ಸಂಕೇತಗಳಿಗೆ ಎರಡೆರಡು ಬೈಟ್ ಕೊಡುತ್ತದೆ. ಯುಟಿಎಫ್-8ರಲ್ಲೇ ಇಟ್ಟುಕೊಂಡರೆ ಐದನೆಯದನ್ನು ಹುಡುಕಲು ಮೊದಲಿನಿಂದ ಎಣಿಸುತ್ತ ಬರಬೇಕು, ಇಲ್ಲವೇ ನಡುನಡುವೆ ಮೈಲುಗಲ್ಲು ನೆಟ್ಟುಕೊಂಡಿರಬೇಕು; 2019ರ 7.1 ಆವೃತ್ತಿಯಿಂದ ಪೈಪೈ ಈ ದಾರಿ ಹಿಡಿದಿದೆ. ಒಂದೇ ನಿಯಮ, ಎರಡು ಕಟ್ಟಡ. ಪ್ರೋಗ್ರಾಮು ಬರೆಯುವವರಿಗೆ ಎರಡರಲ್ಲೂ ಉತ್ತರ ಎಂಟೇ.

ಭಾಷೆ ನಿಂತ ನೀರಲ್ಲ ಎಂಬುದು ಕವಿಗಳಿಗೆ ಸಂತೋಷದ ವಿಷಯ. ಅದರ ಹಿಂದೆ ಓಡಬೇಕಾದ ನಿರ್ವಾಹಕರಿಗೆ ಅದು ದುಡಿಮೆ. 2020ರ 3.9 ಆವೃತ್ತಿಯ ನಂತರ ಪೈಥಾನಿನ ಹೊಸ ಆವೃತ್ತಿ ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ ಬರುತ್ತದೆ. 2021ರ 3.10ರಲ್ಲಿ ‘ಮ್ಯಾಚ್’ ಎಂಬ ಹೊಸ ರಚನೆ ಬಂತು. ಹಳೆಯ ಪ್ರೋಗ್ರಾಮುಗಳಲ್ಲಿ ‘ಮ್ಯಾಚ್’ ಎಂಬ ಹೆಸರನ್ನು ಇಟ್ಟುಕೊಂಡವರು ಬಹಳ ಮಂದಿ ಇದ್ದದ್ದರಿಂದ ಅದನ್ನು ಪೂರ್ಣ ಮೀಸಲು ಪದವಾಗಿ ಮಾಡಲಿಲ್ಲ. ಸಂದರ್ಭ ನೋಡಿ ಅದು ರಚನೆಯೋ ಹೆಸರೋ ಎಂದು ತಿಳಿಯಬೇಕು. ಇದಕ್ಕೆ ಒಂದು ವರ್ಷ ಮುಂಚೆ, 3.9ರಲ್ಲಿ, ಸಿಪೈಥಾನ್ ತನ್ನ ವಾಕ್ಯ ವಿಶ್ಲೇಷಕವನ್ನೇ ಬದಲಾಯಿಸಿಕೊಂಡಿತ್ತು. ಮುಂದಿನ ಒಂದು ಪದವನ್ನು ಮಾತ್ರ ನೋಡಿ ಮುನ್ನಡೆಯುತ್ತಿದ್ದ ನಮ್ಮ ವಿಶ್ಲೇಷಕಕ್ಕೆ ಈ ಹೊಸ ಪದ್ಧತಿ ತಲೆಗೆ ಹತ್ತುವಂತೆ ಮಾಡಲು ಅದರ ಅರ್ಧಭಾಗವನ್ನು ತಿರುಗಿ ಬರೆಯಬೇಕಾಯಿತು. ಓಡಲಾರದೆ ನಿಂತವರೂ ಇದ್ದಾರೆ. 2.7 ಆವೃತ್ತಿಗೆ ಮೂಲದವರ ಬೆಂಬಲ 2020ರ ಜನವರಿ 1ಕ್ಕೆ ಮುಗಿದರೂ ಜೈಥಾನಿನ ಬಿಡುಗಡೆಗಳು ಆ ಆವೃತ್ತಿಯ ಭಾಷೆಯನ್ನೇ ಆಡುತ್ತಿವೆ. ಅವರನ್ನು ನಾನು ಹಿಂದುಳಿದವರು ಎನ್ನಲಾರೆ. ಕೆಲವೇ ಜನರ ಬಿಡುವಿನ ಸಮಯದಲ್ಲಿ ಅದನ್ನು ಅಷ್ಟು ಕಾಲ ಉಳಿಸಿಕೊಂಡದ್ದೇ ದೊಡ್ಡದು.

ಹಾಗಾದರೆ ನಮ್ಮದು ಸರಿಯಾಗಿದೆ ಎಂದು ಗೊತ್ತಾಗುವುದು ಹೇಗೆ? ಪರೀಕ್ಷೆಗಳಿಂದ. ಸಿಪೈಥಾನಿನ ಜೊತೆಗೆ ಬರುವ ಪರೀಕ್ಷಾ ಪ್ರೋಗ್ರಾಮುಗಳ ದೊಡ್ಡ ರಾಶಿಯನ್ನು ಇತರ ಅನುಷ್ಠಾನಗಳೂ ಓಡಿಸಿ ನೋಡುತ್ತವೆ. ಅವುಗಳಲ್ಲಿ ಕೆಲವು ಪರೀಕ್ಷೆಗಳ ಮೇಲೆ ‘ಇದು ಸಿಪೈಥಾನಿಗೆ ಮಾತ್ರ’ ಎಂಬ ಗುರುತು ಇರುತ್ತದೆ. ನೋಡಲು ಒಂದು ಸಾಲಿನ ಗುರುತು. ಆದರೆ ನಿಯಮ ಮತ್ತು ರೂಢಿಯ ನಡುವಿನ ಗೆರೆಯನ್ನು ಮೂಲದವರೇ ತಮ್ಮ ಕೈಯಿಂದ ಎಳೆದದ್ದು ಅಲ್ಲಿ, ಮತ್ತು ಇಂಥ ಗೆರೆ ಬೇಕೆಂಬುದು ಅನುಭವಕ್ಕೆ ಬಂದದ್ದು ಬೇರೆ ಅನುಷ್ಠಾನಗಳು ಇದ್ದದ್ದರಿಂದ. ರೂಬಿ ಭಾಷೆಯಲ್ಲಿ ಇದು ಇನ್ನೂ ಮುಂದಕ್ಕೆ ಹೋಯಿತು. ರೂಬಿನಿಯಸ್ ಎಂಬ ಪರ್ಯಾಯ ಅನುಷ್ಠಾನದವರು ಭಾಷೆಯ ನಡವಳಿಕೆಯನ್ನು ಒಂದೊಂದಾಗಿ ಪರೀಕ್ಷೆಯ ರೂಪದಲ್ಲಿ ಬರೆದಿಟ್ಟರು. ರೂಬಿನಿಯಸ್ ಮುಂದೆ ಕ್ಷೀಣಿಸಿದರೂ ಆ ಪರೀಕ್ಷೆಗಳನ್ನು ಇಂದು ಮೂಲ ರೂಬಿಯವರೂ, ಜೆರೂಬಿ, ಟ್ರಫಲ್‌ರೂಬಿ ಎಂಬ ಬೇರೆ ಅನುಷ್ಠಾನಗಳವರೂ ಹಂಚಿಕೊಂಡು ಬಳಸುತ್ತಾರೆ. ಪರೀಕ್ಷೆ ಕೈಗೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಾವಾದ ಉದಾಹರಣೆ ಇದೆ. 2005ರಲ್ಲಿ ಅಪಾಚಿ ಪ್ರತಿಷ್ಠಾನ ಹಾರ್ಮನಿ ಎಂಬ ಮುಕ್ತ ಜಾವಾ ಅನುಷ್ಠಾನವನ್ನು ಆರಂಭಿಸಿತು. ಜಾವಾ ಎಂದು ಒಪ್ಪಿಸಿಕೊಳ್ಳಲು ಪಾಸಾಗಬೇಕಾದ ಅಧಿಕೃತ ಪರೀಕ್ಷೆಗಳ ಕಟ್ಟು ಒಪ್ಪುವಂಥ ಷರತ್ತುಗಳ ಮೇಲೆ ಅದಕ್ಕೆ ಸಿಗಲೇ ಇಲ್ಲ. ಆ ವಿವಾದದಲ್ಲಿ 2010ರ ಡಿಸೆಂಬರಿನಲ್ಲಿ ಅಪಾಚಿ ಜಾವಾದ ಕಾರ್ಯಕಾರಿ ಸಮಿತಿಯಿಂದ ಹೊರಬಂತು, ಮರುವರ್ಷ ಹಾರ್ಮನಿ ಮುಚ್ಚಿತು.

ಸಿ ಭಾಷೆಯಲ್ಲಿ ಬರೆದ ಪೂರಕ ಗ್ರಂಥಾಲಯಗಳ ವಿಷಯವನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಅಂಕೆಸಂಖ್ಯೆಗಳ ಲೆಕ್ಕಕ್ಕೆ ಬಳಸುವ ನಂಪೈಯಂಥವು ಸಿಪೈಥಾನಿನ ಒಳಗಿನ ಎಣಿಕೆಯ ಪದ್ಧತಿಯನ್ನೇ ನೆಚ್ಚಿಕೊಂಡಿವೆ. ಅವುಗಳಿಗಾಗಿ ಪೈಪೈ ಇಲ್ಲದ ಎಣಿಕೆಯನ್ನು ಇರುವಂತೆ ನಟಿಸಬೇಕಾಗುತ್ತದೆ, ಅದರಿಂದ ವೇಗ ಕುಂದುತ್ತದೆ. ಈ ತೊಡಕಿನಿಂದ ಪಾರಾಗಲು ಪೈಪೈಯವರು ಸಿ ಭಾಷೆಯೊಡನೆ ವ್ಯವಹರಿಸುವ ಸಿಎಫ್ಎಫ್ಐ ಎಂಬ ಬೇರೆ ಸೇತುವೆಯನ್ನು ಕಟ್ಟಿದರು. ಇಂದು ಪೈಪೈಯ ಹೆಸರನ್ನು ಕೇಳದವರೂ ಸಿಪೈಥಾನಿನಲ್ಲಿ ಅದನ್ನು ಬಳಸುತ್ತಿದ್ದಾರೆ.

ಇಷ್ಟು ಶ್ರಮಪಟ್ಟು ಅದೇ ಭಾಷೆಯನ್ನು ಎರಡು ಸಲ ಕಟ್ಟುವುದೇಕೆ, ಎಲ್ಲರೂ ಸೇರಿ ಒಂದನ್ನೇ ಚೆನ್ನಾಗಿ ಮಾಡಬಾರದೇ ಎಂದು ಕೇಳುವವರು ಇದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ನನ್ನ ಮನಸ್ಸಿನಲ್ಲಿರುವ ಗಂಭೀರವಾದ ಉತ್ತರ ನಂಬಿಕೆಗೆ ಸಂಬಂಧಿಸಿದ್ದು. 1984ರಲ್ಲಿ ಪ್ರಕಟವಾದ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಕೆನ್ ಥಾಂಪ್ಸನ್ ಒಂದು ಭಯಾನಕ ಸಾಧ್ಯತೆಯನ್ನು ತೋರಿಸಿಕೊಟ್ಟರು. ಬರೆದ ಪ್ರೋಗ್ರಾಮನ್ನು ಯಂತ್ರಸಂಕೇತವಾಗಿ ಮಾರ್ಪಡಿಸುವ ಕಂಪೈಲರೊಂದರಲ್ಲಿ ಕೇಡು ತುಂಬಿ, ಆ ಕಂಪೈಲರು ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುವಾಗ ಆ ಕೇಡನ್ನು ಗುಟ್ಟಾಗಿ ಮುಂದಿನ ಪೀಳಿಗೆಗೆ ದಾಟಿಸುವಂತೆ ಮಾಡಬಹುದು. ಅನಂತರ ಮೂಲ ಬರಹದಿಂದ ಕೇಡನ್ನು ಅಳಿಸಿಬಿಟ್ಟರೂ ಅದು ಮುಂದುವರಿಯುತ್ತದೆ, ಬರಹವನ್ನು ಎಷ್ಟು ಓದಿದರೂ ಕಾಣುವುದಿಲ್ಲ. ಇದನ್ನು ಪತ್ತೆಹಚ್ಚುವ ಒಂದು ವಿಧಾನವನ್ನು ಡೇವಿಡ್ ವೀಲರ್ 2009ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಸಾಧಿಸಿ ತೋರಿಸಿದರು. ಸಂಶಯವಿರುವ ಕಂಪೈಲರಿನ ಮೂಲ ಬರಹವನ್ನು ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಕಂಪೈಲರಿನಿಂದ ಕಟ್ಟಬೇಕು, ಹಾಗೆ ಕಟ್ಟಿದ್ದರಿಂದ ಅದೇ ಬರಹವನ್ನು ಮತ್ತೊಮ್ಮೆ ಕಟ್ಟಬೇಕು, ಕೊನೆಗೆ ಸಿಕ್ಕಿದ್ದನ್ನು ಮೊದಲಿನದರೊಂದಿಗೆ ಬೈಟಿಗೆ ಬೈಟ್ ಹೋಲಿಸಬೇಕು. ಈ ವಿಧಾನಕ್ಕೆ ಎರಡನೆಯ ಅನುಷ್ಠಾನ ಇರಲೇಬೇಕು. ರಸ್ಟ್ ಭಾಷೆಗೆ ಎಂರಸ್ಟ್‌ಸಿ ಎಂಬ ಪುಟ್ಟ ಪರ್ಯಾಯ ಕಂಪೈಲರು ಇದೆ. ಒಂದು ವಸ್ತುವನ್ನು ಯಾರು ಯಾವಾಗ ಎರವಲು ಪಡೆದು ಬಳಸಬಹುದು ಎಂದು ನೋಡುವ, ಮೂಲ ಕಂಪೈಲರಿನ ಹೆಸರಾಂತ ತಪಾಸಣೆಯನ್ನು ಅದು ಮಾಡುವುದೇ ಇಲ್ಲ, ಆದರೂ ರಸ್ಟ್ ಕಂಪೈಲರನ್ನು ಹಳೆಯ ಪ್ರತಿಯ ಹಂಗಿಲ್ಲದೆ ಬುಡದಿಂದ ಕಟ್ಟಿ ತೆಗೆಯಲು ಅದು ನೆರವಾಗುತ್ತದೆ. ಜನರ ದಿನಬಳಕೆಗೆ ಬಾರದ ಅನುಷ್ಠಾನವೂ ಹೀಗೆ ಸಾಕ್ಷಿಯಾಗಿ ನಿಲ್ಲಬಲ್ಲದು.

ಇದನ್ನೆಲ್ಲ ಮಾಡುವವರ ಹೊಟ್ಟೆಪಾಡಿನ ಮಾತು ಬಂದಾಗ ಚಿತ್ರ ಅಷ್ಟು ಉಜ್ವಲವಾಗಿಲ್ಲ. ಪೈಪೈಗೆ ಆರಂಭದ ಕೆಲವು ವರ್ಷ ಯುರೋಪಿಯನ್ ಒಕ್ಕೂಟದ ಹಣ ಸಿಕ್ಕಿತು, ಆಮೇಲೆ ದೇಣಿಗೆ ಮತ್ತು ಬಿಡುವಿನ ವೇಳೆ. ಡ್ರಾಪ್‌ಬಾಕ್ಸ್ ಕಂಪನಿ 2014ರಲ್ಲಿ ಪ್ರಕಟಿಸಿದ ಪಿಸ್ಟನ್ ಎಂಬ ವೇಗದ ಪೈಥಾನಿಗೆ ಕೊಡುತ್ತಿದ್ದ ಬೆಂಬಲವನ್ನು 2017ರಲ್ಲಿ ನಿಲ್ಲಿಸಿತು. ನಮಗೆ ಹಣ ಕೊಟ್ಟವರಿಲ್ಲ, ನಾವು ಕೇಳಿದವರೂ ಅಲ್ಲ. ಆದರೆ ಸಣ್ಣದಕ್ಕೂ ಕಾಲ ಬೇಕು, ಮತ್ತು ಮೂವರಲ್ಲಿ ಒಬ್ಬರು ಬೇರೆ ಊರಿಗೆ ಕೆಲಸಕ್ಕೆ ಹೋದರೆ ಏನಾದೀತು ಎಂಬ ಚಿಂತೆ ನನಗೆ ನಿಜವಾಗಿಯೂ ಇದೆ.

ಇನ್ನು ನಮ್ಮ ಕನ್ನಡ ಸಂದೇಶಗಳ ವಿಷಯ. ದೋಷ ಸಂದೇಶಗಳ ಮಾತುಗಳು ಭಾಷೆಯ ನಿಯಮಕ್ಕೆ ಸೇರಿದವಲ್ಲ, ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು, ಪ್ರೋಗ್ರಾಮುಗಳು ಅವನ್ನು ನೆಚ್ಚಬಾರದು ಎಂದು ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ದೋಷದ ಜಾತಿ ಯಾವುದು ಎಂಬುದು ನಿಯಮ. ಅದನ್ನು ಯಾವ ಮಾತಿನಲ್ಲಿ ತಿಳಿಸುತ್ತೀರಿ ಎಂಬುದು ನಮ್ಮ ಇಷ್ಟ. ಆ ಒಂದು ವಾಕ್ಯ ಬಿಟ್ಟುಕೊಟ್ಟ ಜಾಗದಲ್ಲಿ ನಮ್ಮ ಕನ್ನಡ ಕೂತಿದೆ. ಆದರೂ ಒಬ್ಬ ಹುಡುಗ ಸೊನ್ನೆಯಿಂದ ಭಾಗಿಸಿದಾಗ ಬರುವ ಇಂಗ್ಲಿಷ್ ವಾಕ್ಯವನ್ನು ಪದಪದವಾಗಿ ಹೋಲಿಸಿ ನೋಡುವ ಪ್ರೋಗ್ರಾಮು ಬರೆದಿದ್ದ, ನಮ್ಮಲ್ಲಿ ಅದು ಕೆಡುತ್ತಿತ್ತು. ಆ ಇಂಗ್ಲಿಷ್ ವಾಕ್ಯವೇ ಪೈಥಾನಿನ 2ನೆಯ ಆವೃತ್ತಿಯಿಂದ 3ನೆಯದಕ್ಕೆ ಬರುವಾಗ ಬದಲಾಗಿದೆ ಎಂದು ತೋರಿಸಿದಾಗ ಅವನಿಗೆ ಅರ್ಥವಾಯಿತು, ಜಾತಿಯನ್ನು ನೋಡುವಂತೆ ತಿದ್ದಿಕೊಂಡ.

ಸಂದೇಶಗಳಲ್ಲಿ ಕೆಲವು ಇನ್ನೂ ಕನ್ನಡವಾಗಿಲ್ಲ. ಒಂದು ಪಟ್ಟಿಯ ಮೇಲೆ ನಡೆಸಬೇಕಾದ ಆವರ್ತನವನ್ನು ಮಗುವೊಂದು ತಪ್ಪಿ ಒಂದು ಸಂಖ್ಯೆಯ ಮೇಲೆ ನಡೆಸಹೊರಟಾಗ ಬರುವ ಸಂದೇಶ ಅವುಗಳಲ್ಲಿ ಒಂದು. ಅದರಲ್ಲಿರುವ ‘ಇಟರಬಲ್’ ಎಂಬ ಪದಕ್ಕೆ ಪುನರಾವರ್ತನೀಯ, ಆವರ್ತ್ಯ ಎಂದೆಲ್ಲ ಬರೆದು ಅಳಿಸಿದ್ದೇವೆ. ಯಾವುದೂ ಹದಿಮೂರರ ಮಗುವಿಗೆ ಹೇಳುವಂಥದ್ದಾಗಿರಲಿಲ್ಲ. ಉಪನ್ಯಾಸದಲ್ಲಿ ನಾನು ಇದನ್ನು ಸಭೆಯ ಮುಂದಿಟ್ಟಾಗ ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಅಧ್ಯಾಪಿಕೆಯೊಬ್ಬರು ಎದ್ದು ನಿಂತು, ‘ಅದಕ್ಕೆ ಹೊಸ ಪದ ಯಾಕೆ? ಇದು ಒಂದು ಸಂಖ್ಯೆ, ಇದರೊಳಗಿನಿಂದ ಒಂದೊಂದಾಗಿ ತೆಗೆಯಲು ಏನೂ ಇಲ್ಲ ಅಂತ ಹೇಳಿದರೆ ಸಾಲದೇ?’ ಎಂದು ಕೇಳಿದರು. ಮರುದಿನ ಅದೇ ವಾಕ್ಯವನ್ನು ಸೇರಿಸಿದೆವು.